ಶೈಲಾ ಓಡಿಸಿದ ಕಾರು, ನಾವು ನೋಡಿದ ಅಮೆರಿಕ

ಬ್ರಿಡ್ಜ್‌ವಾಟರ್

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ತುಮಕೂರಿನಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ನಯಾಗರ ನೋಡಿದ್ರಾ?" ನಾನು ನೋಡಲಿಲ್ಲ. ಇಲ್ಲ ಅಂದಾಗ ಎದುರಿಗಿದ್ದವರ ಮುಖ ಸಣ್ಣದಾಗುತ್ತದೆ, ತಿರುಪತಿಗೆ ಹೋಗಿ ಬೆಟ್ಟ ಹತ್ತದೆ ಬಂದವಳನ್ನು ನೋಡುವ ಹಾಗೆ ನೋಡುತ್ತಾರೆ. ಏಕೆ ನೋಡಲಿಲ್ಲ ಎಂದು ಹೇಳಲು ಹೊರಟರೆ ಮಾತು ಉದ್ದವಾಗುತ್ತದೆ. ಹೇಗೂ ಬರೆಯಲು ಕುಳಿತಿದ್ದೇನೆ, ಉದ್ದವೇ ಆಗಲಿ.

ನನ್ನ ತಮ್ಮ ಸತೀಶ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರಿನಲ್ಲಿ ಔಷಧ ತಯಾರಿಸುವ ಕಂಪನಿಯೊಂದರಲ್ಲಿ ರಸಾಯನಶಾಸ್ತ್ರಜ್ಞ. ಹೊಟ್ಟೆಪಾಡು ರಸಾಯನವಾದರೂ ಹುಚ್ಚು ಇತಿಹಾಸದ್ದು. ಹಳೆಯ ಯುದ್ಧಭೂಮಿ, ಹಳೆಯ ಸೇತುವೆ, ಹಾಳುಬಿದ್ದ ರೈಲ್ವೆ ಸ್ಟೇಷನ್ನು ಎಂದರೆ ಊಟ ಬಿಟ್ಟು ಹೋಗುತ್ತಾನೆ. ಫೋನು ಮಾಡಿದರೆ ಮಳೆ ಬೆಳೆ ಕೇಳುವ ಮೊದಲು, ಯಾವ ಗುಡ್ಡದ ಮೇಲೆ ಯಾರ ಸೈನ್ಯ ಬೀಡುಬಿಟ್ಟಿತ್ತು ಎಂದು ಶುರುಮಾಡುತ್ತಿದ್ದ. "ಅಕ್ಕ, ಒಂದ್ಸಲ ಬಾ, ಎಲ್ಲ ನಾನೇ ತೋರಿಸ್ತೀನಿ" ಎಂದು ವರ್ಷ ವರ್ಷವೂ ಕರೆದ. ನಾನು ಬಸ್ ಡಿಪೋದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು, ರಜೆಯೆಂಬುದು ದೊಡ್ಡ ಮಾತು. ನಿವೃತ್ತಿಯಾದ ಮೇಲೆ ಮೊಣಕಾಲು ಅಡ್ಡ ಬಂತು. ಕೊನೆಗೂ ವೀಸಾ ಆಗಿ, ಟಿಕೆಟ್ಟೂ ಆಗಿ, ಚಟ್ನಿಪುಡಿ ಮಾಡಿಟ್ಟುಕೊಂಡು ಕುಳಿತಿದ್ದಾಗ ಸತೀಶನ ಬಲಗಣ್ಣಿನ ಒಳಪರದೆ, ಡಾಕ್ಟರು ರೆಟಿನಾ ಎನ್ನುವುದು, ಕಿತ್ತು ಬಂತು.

ಎರಡು ಸಲ ಆಪರೇಷನ್ ಆಯಿತು. ದಿನಗಟ್ಟಲೆ ಬೋರಲು ಮಲಗಿರಬೇಕಾಯಿತು. ಬೇರೆಯವರಿಗಾದರೆ ಇನ್ನೊಂದು ಕಣ್ಣಿದೆ ಎಂಬ ಧೈರ್ಯ ಇರುತ್ತದೆ. ಇವನ ಎಡಗಣ್ಣು ಹುಟ್ಟಿನಿಂದಲೇ ಮಂದ. ಚಿಕ್ಕವನಿದ್ದಾಗ ಡಾಕ್ಟರು ಹೇಳಿದಂತೆ ಅಮ್ಮ ಇವನ ಒಳ್ಳೆಯ ಕಣ್ಣಿಗೆ ಬಟ್ಟೆ ಕಟ್ಟಿ ಮಂದಗಣ್ಣಿನಿಂದ ಪಾಠ ಓದಿಸುತ್ತಿದ್ದರು. ಅಮ್ಮ ಆಚೆ ತಿರುಗಿದ ಕೂಡಲೇ ಇವನು ಬಟ್ಟೆ ಸರಿಸಿ ಓದಿ ಮುಗಿಸುತ್ತಿದ್ದ. ಕಾವಲಿಗೆ ಕೂರಿಸಿದ್ದ ನಾನು ಹೇಳುತ್ತಿರಲಿಲ್ಲ. ಹಾಗೆ ಒಂದೇ ಕಣ್ಣಿನಲ್ಲಿ ಡಿಗ್ರಿ, ಕೆಲಸ, ಅಮೆರಿಕ ಎಲ್ಲ ಮಾಡಿಕೊಂಡವನಿಗೆ ಈಗ ಆ ಕಣ್ಣೇ ಕೈಕೊಟ್ಟಿತ್ತು.

ಟಿಕೆಟ್ ಕ್ಯಾನ್ಸಲ್ ಮಾಡುತ್ತೇನೆ ಎಂದೆ. "ಬೇಡ, ಬಾ ಅಕ್ಕ," ಎಂದ. "ನೀನು ಬಂದ್ರೆ ನಂಗೂ ಹೊರಗೆ ಹೋಗೋಕೆ ನೆಪ ಸಿಗುತ್ತೆ."

ವಿಮಾನ ನಿಲ್ದಾಣಕ್ಕೆ ಅವನ ಹೆಂಡತಿ ಶೈಲಾ ಬಂದಿದ್ದಳು. ಕಾರು ಓಡಿಸಿದವರು ಮಾತ್ರ ದೇವಸ್ಥಾನದ ಪರಿಚಯದ ಒಬ್ಬ ಅಂಕಲ್. ಏಕೆಂದರೆ ನಿಲ್ದಾಣಕ್ಕೆ ಹೆದ್ದಾರಿಯಲ್ಲಿ ಹೋಗಬೇಕು, ಶೈಲಾ ಹೆದ್ದಾರಿ ಹತ್ತುವುದಿಲ್ಲ. ಕಾರಿಲ್ಲದೆ ಕರಿಬೇವೂ ಸಿಗದ ಆ ಊರಿನಲ್ಲಿ ಅವಳಿಗೆ ಲೈಸೆನ್ಸು ಇದೆ, ಕಾರು ಇದೆ. ಆದರೆ ಅವಳ ಸರಹದ್ದು ಮೂರೇ: ಕೆಲಸ ಮಾಡುವ ಬ್ಯಾಂಕು, ವೆಂಕಟೇಶ್ವರನ ಗುಡಿ, ತರಕಾರಿ ಅಂಗಡಿ. ಅದರಾಚೆಗೆಲ್ಲ ಸತೀಶನೇ ಸಾರಥಿಯಾಗಿದ್ದ. ಹೊಸದಾಗಿ ಕಲಿತ ದಿನಗಳಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲೇ ಹಾರ್ನ್ ಹೊಡೆದು ಹೋಗಿದ್ದಕ್ಕೆ ಹೆದರಿದವಳು ಮತ್ತೆ ಆ ಕಡೆ ಹೋಗಿಲ್ಲವಂತೆ.

ಮೊದಲ ರಾತ್ರಿ ಊಟದ ಹೊತ್ತಿಗೆ ಸತೀಶ ಕರಿ ಕನ್ನಡಕ ಹಾಕಿಕೊಂಡು ಕುಳಿತು, "ನಾನು ಡ್ರೈವ್ ಮಾಡೋ ಹಾಗಿಲ್ಲ. ಪ್ಲಾನ್ ಎಲ್ಲ ಡ್ರಾಪ್ ಮಾಡೋಣ. ಅಕ್ಕ ದೇವಸ್ಥಾನ, ಮಾಲ್ ನೋಡ್ಕೊಂಡು ರೆಸ್ಟ್ ತಗೊಳ್ಲಿ" ಎಂದ.

ಒಲೆಯ ಮುಂದಿದ್ದ ಶೈಲಾ ಧಾರವಾಡದವಳು. ಇಷ್ಟು ವರ್ಷ ಅಲ್ಲಿದ್ದರೂ ಅವಳ ಮಾತಿಗೆ ಅಮೆರಿಕದ ಗಾಳಿ ಸೋಕಿಲ್ಲ. ತಿರುಗಿ ನೋಡದೆಯೇ ಹೇಳಿದಳು: "ಫೋನಿನ್ಯಾಗ ಹೈವೇ ಬ್ಯಾಡ ಅಂತ ಒತ್ತಿದ್ರ ಊರೊಳಗಿನ ದಾರಿ ತೋರಸ್ತದ. ಹೊತ್ತು ಹಿಡೀತದ, ಹಿಡೀಲಿ. ಅಕ್ಕಾರಿಗೇನು ಬಸ್ ಹಿಡಿಯೂದದ ಏನು?"

ನನಗೆ ಹಿಡಿಯಬೇಕಾದ ಬಸ್ಸು ಯಾವುದೂ ಇರಲಿಲ್ಲ.

ಮಾರಿಸ್‌ಟೌನ್

ಹೆದ್ದಾರಿ ಬಿಟ್ಟು ಹೋಗುವುದರಲ್ಲಿ ಒಂದು ಲಾಭವಿದೆ, ಜನ ಬದುಕುವುದು ಕಾಣುತ್ತದೆ. ಅಕ್ಟೋಬರ್ ತಿಂಗಳು. ಮನೆಮನೆಯ ಮೆಟ್ಟಿಲ ಮೇಲೂ ಕುಂಬಳಕಾಯಿ ಇಟ್ಟಿದ್ದರು. ಆಯುಧಪೂಜೆಯ ಮರುದಿನ ನಮ್ಮ ಡಿಪೋ ಗೇಟಿನ ಮುಂದೆ ಇರುವುದಕ್ಕಿಂತ ಹೆಚ್ಚು. ವ್ಯತ್ಯಾಸವೆಂದರೆ ಇವರು ಒಡೆಯುವುದಿಲ್ಲ, ಕಣ್ಣು ಮೂಗು ಕೊರೆದು ಒಳಗೆ ದೀಪ ಇಡುತ್ತಾರೆ. ನಾಲ್ಕು ರಸ್ತೆ ಸೇರುವಲ್ಲಿ ಪೊಲೀಸಿಲ್ಲ, ದೀಪವಿಲ್ಲ. ನಾಲ್ಕು ಕಡೆಯ ಕಾರುಗಳೂ ನಿಂತು, ನೀವು ಮೊದಲು ಹೋಗಿ ಎಂದು ಕೈ ಬೀಸುತ್ತವೆ. ಹಾಗೆ ಒಮ್ಮೆ ನಾಲ್ವರೂ ಒಬ್ಬರಿಗೊಬ್ಬರು ಕೈ ಬೀಸುತ್ತ ಎಲ್ಲರೂ ಅಲ್ಲೇ ನಿಂತೆವು. ನಮ್ಮ ಟೌನ್‌ಹಾಲ್ ವೃತ್ತದಲ್ಲಿ ಇಷ್ಟು ಮರ್ಯಾದೆ ತೋರಿಸಿದರೆ ಸಂಜೆಯವರೆಗೂ ಅಲ್ಲೇ ಇರಬೇಕಾಗುತ್ತದೆ.

ಸತೀಶ ಮುಂದಿನ ಸೀಟಿನಲ್ಲಿ ಶೈಲಾಳ ಪಕ್ಕ ಕುಳಿತಿದ್ದ. ಕೈಯಲ್ಲಿ ಸ್ಟೀರಿಂಗ್ ಇಲ್ಲದಿದ್ದರೂ ಬಾಯಲ್ಲಿತ್ತು. "ಸ್ಲೋ ಮಾಡು. ಬ್ರೇಕ್ ಮೇಲೆ ಕಾಲಿಡು. ಲೆಫ್ಟ್ ಲೇನ್‌ಗೆ ಬಾ. ಅಯ್ಯೋ, ಜಿಂಕೆ, ಜಿಂಕೆ."

ಶೈಲಾ ಗಕ್ಕನೆ ಬ್ರೇಕ್ ಹಾಕಿದಳು. ಹಿಂದಿನಿಂದ ಬಂದ ಕಾರು ಹೇಗೋ ತಪ್ಪಿಸಿಕೊಂಡು ಹೋಯಿತು. ಜಿಂಕೆಯಲ್ಲ, ಯಾರದೋ ಮನೆಯ ಮುಂದಿನ ಕಂದು ಬಣ್ಣದ ಅಂಚೆಪೆಟ್ಟಿಗೆ. ಶೈಲಾ ಪಕ್ಕದ ಚರ್ಚಿನ ಅಂಗಳಕ್ಕೆ ಕಾರು ತಿರುಗಿಸಿ ನಿಲ್ಲಿಸಿದಳು. ಸತೀಶ ಕನ್ನಡಕ ತೆಗೆದು ಒರೆಸತೊಡಗಿದ. ತಾನು ಕಂಡದ್ದು ಜಿಂಕೆಯಲ್ಲ ಎಂಬುದು ಅವನಿಗೆ ಅವಳಿಗಿಂತ ಹೆಚ್ಚಾಗಿ ತಟ್ಟಿರಬೇಕು.

"ಸತೀಶ, ಹಿಂದೆ ಬಾ," ಎಂದೆ. "ಚಾಲಕರೊಂದಿಗೆ ಮಾತಾಡಬಾರದು ಅಂತ ನಮ್ಮ ಬಸ್ಸುಗಳಲ್ಲಿ ಸುಮ್ಮನೆ ಬರೆಸ್ತಿರಲಿಲ್ಲ."

"ನಾನು ಹೇಳದಿದ್ರೆ ಅವಳಿಗೆ ಹೇಗೆ ಗೊತ್ತಾಗುತ್ತೆ ಅಕ್ಕ?"

"ಗೊತ್ತಾಗದಿದ್ರೆ ಕೇಳ್ತಾಳೆ. ಬಾ."

ಅವನು ಹಿಂದಕ್ಕೆ ಬಂದ, ನಾನು ಮುಂದಕ್ಕೆ ಹೋದೆ. ಡ್ರೈವಿಂಗಿನ ಗಂಧಗಾಳಿಯಿಲ್ಲದ ನಾನು ಪಕ್ಕದಲ್ಲಿ ಕುಳಿತ ಮೇಲೆ ಶೈಲಾ ಸಲೀಸಾಗಿ ಓಡಿಸಿದಳು.

ಮಾರಿಸ್‌ಟೌನಿನ ಹೊರಗೆ ಕಾಡಿನ ನಡುವೆ ಒಂದು ಹುಲ್ಲು ಇಳಿಜಾರು. ಅದರ ತಲೆಯ ಮೇಲೆ ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಕೆಲವು ಗುಡಿಸಲುಗಳು. ಸ್ವಾತಂತ್ರ್ಯಕ್ಕಾಗಿ ಇಂಗ್ಲಿಷರ ವಿರುದ್ಧ ಹೋರಾಡುತ್ತಿದ್ದ ಅಮೆರಿಕದ ಸೈನ್ಯ ಇಲ್ಲಿ ಒಂದು ಇಡೀ ಚಳಿಗಾಲ ಕಳೆಯಿತಂತೆ. ಗುಡ್ಡದ ತುಂಬ ಇಂಥ ಗುಡಿಸಲುಗಳಿದ್ದವಂತೆ. ಈಗಿರುವವು ಜನ ನೋಡಲೆಂದು ಅದೇ ಮಾದರಿಯಲ್ಲಿ ಮತ್ತೆ ಕಟ್ಟಿದವು. ಸತೀಶನಿಗೆ ಜೀವ ಬಂತು. ಸೊಂಟದವರೆಗೆ ಹಿಮ, ಊಟಕ್ಕಿಲ್ಲ, ಕಾಲಿಗೆ ಬೂಟಿಲ್ಲ, ಒಂದು ಗುಡಿಸಲಿಗೆ ಹನ್ನೆರಡು ಜನ ಎಂದು ಕಣ್ಣಾರೆ ಕಂಡವನಂತೆ ವಿವರಿಸಿದ.

"ಹನ್ನೆರಡು ಮಂದಿ? ಇಷ್ಟರಾಗ?" ಶೈಲಾ ಒಳಗೆ ಇಣುಕಿದಳು. ಗೋಡೆಗೆ ಮೂರು ಅಂತಸ್ತಿನ ಹಲಗೆಗಳು. ನನಗೆ ಡಿಪೋದಲ್ಲಿ ರಾತ್ರಿ ತಂಗುವ ಸಿಬ್ಬಂದಿಯ ಕೋಣೆ ನೆನಪಾಯಿತು. ಅಲ್ಲೂ ಹೀಗೆಯೇ ಹಲಗೆ, ಅದೇ ಕತ್ತಲೆ, ಬೀಡಿ ವಾಸನೆಯೊಂದು ಹೆಚ್ಚು. ದಂಡನಾಯಕರು ಎಲ್ಲಿದ್ದರು ಎಂದು ಕೇಳಿದೆ. ಅವರು ಊರೊಳಗೆ ದೊಡ್ಡ ಮನೆಯಲ್ಲಿದ್ದರಂತೆ. ನಮ್ಮ ಡಿಪೋ ಮ್ಯಾನೇಜರರ ಕ್ವಾರ್ಟರ್ಸೂ ಊರೊಳಗೇ ಇತ್ತು.

ಹಳೆಗಾಲದ ಅಂಗಿ ತೊಟ್ಟು ಕಟ್ಟಿಗೆ ಒಡೆಯುತ್ತಿದ್ದ ಸ್ವಯಂಸೇವಕರೊಬ್ಬರು ಸತೀಶನ ಜೊತೆ ಮಾತಿಗೆ ನಿಂತರು. ಇಬ್ಬರೂ ಯಾವುದೋ ಪಡೆ ಯಾವ ಗುಡ್ಡದ ಮೇಲಿತ್ತು ಎಂದು ವಾದಿಸುತ್ತ ಸಮಯ ಮರೆತರು. ಸತೀಶ ದಿಮ್ಮಿಗಳನ್ನು ಅಂಗೈಯಿಂದ ಸವರಿ ನೋಡುತ್ತಿದ್ದ. ಗುಡಿಸಲಿನಿಂದ ಹೊರಬರುವಾಗ ಬಾಗಿಲ ಮೇಲಿನ ಮರಕ್ಕೆ ಹಣೆ ಬಡಿಸಿಕೊಂಡ. ನಾವಿಬ್ಬರೂ ಓಡಿದೆವು. "ಏನಿಲ್ಲ, ಏನಿಲ್ಲ. ಆಗಿನವರು ಕುಳ್ಳಗಿದ್ರು," ಎಂದು ನಮ್ಮ ಕೈಗಳನ್ನು ಬಿಡಿಸಿಕೊಂಡು ಮುಂದೆ ನಡೆದ.

ಮನೆಗೆ ಬಂದ ಮೇಲೆ ಶೈಲಾ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಕಾಲುಚೀಲ, ಸೀರೆಯಂಚು ಎಲ್ಲ ಒದರಿಸಿದಳು. ಅಲ್ಲಿಯ ಕಾಡಿನಲ್ಲಿ ಉಣ್ಣೆಗಳಿರುತ್ತವೆ, ಕಚ್ಚಿದರೆ ದೊಡ್ಡ ಕಾಯಿಲೆ. ಊರಿನಲ್ಲಿ ದನದ ಮೈಯಿಂದ ಉಣ್ಣೆ ಕೀಳುವುದನ್ನು ನೋಡಿದ್ದೆ. ಅಮೆರಿಕಕ್ಕೆ ಬಂದು ನನ್ನ ಮೈಯಲ್ಲೇ ಹುಡುಕಿಸಿಕೊಳ್ಳುತ್ತೇನೆಂದು ಅಂದುಕೊಂಡಿರಲಿಲ್ಲ.

ಪ್ಯಾಟರ್ಸನ್

ಊರ ನಡುವೆ ಜಲಪಾತವಿದೆ ಎಂದರೆ ನಾನು ನಂಬಲಿಲ್ಲ. ಕ್ಷೌರದಂಗಡಿ, ಬೇಕರಿ, ಮೊಬೈಲ್ ಅಂಗಡಿ ಎಲ್ಲ ದಾಟಿ, ಕೆಂಪು ಇಟ್ಟಿಗೆಯ ಹಳೆಯ ಗಿರಣಿಗಳ ಸಾಲಿನ ಹಿಂದೆ ಕಾರು ನಿಲ್ಲಿಸಿ ಇಳಿದರೆ ಕಿವಿಗೆ ಮೊರೆತ ಬಿತ್ತು. ಹಿಂದಿನ ಎರಡು ದಿನ ಮಳೆ ಬಂದಿತ್ತು. ಕಪ್ಪು ಬಂಡೆಯ ಸೀಳಿನೊಳಕ್ಕೆ ನದಿ ಅಡ್ಡಡ್ಡವಾಗಿ ಧುಮುಕುತ್ತಿತ್ತು. ಮೇಲೆ ಒಂದು ಕಾಲುಸೇತುವೆ. ಈ ನೀರಿನ ಬಲದಿಂದಲೇ ಇಲ್ಲಿ ಮೊದಲು ಹತ್ತಿ, ಆಮೇಲೆ ರೇಷ್ಮೆ ಗಿರಣಿಗಳು ನಡೆದವಂತೆ.

ಸತೀಶ ವಿವರಿಸಲು ಬಾಯಿ ತೆರೆಯುವ ಮೊದಲೇ ಶೈಲಾ, "ಅಯ್ಯ, ಇದು ನಮ್ಮ ಗೋಕಾಕ ಫಾಲ್ಸ್ ಅದ," ಎಂದಳು. ಅವಳ ಸೋದರಮಾವ ಗೋಕಾಕದ ಗಿರಣಿಯಲ್ಲಿದ್ದರು. ಬೇಸಿಗೆ ರಜೆಯೆಲ್ಲ ಅವಳು ಅಲ್ಲೇ. "ಹಿಂಗ ಬಂಡಿಗಲ್ಲು, ಹಿಂಗ ಸೇತುವಿ, ಬಾಜೂಕ ಗಿರಣಿ. ಆ ಸೇತುವಿ ತೂಗ್ತಿತ್ತು ನೋಡ್ರಿ ಅಕ್ಕಾರ. ನಮ್ಮಣ್ಣ ನಡುವ ನಿಂತು ಕುಣಿದು ನಮ್ಮನ್ನ ಅಳಸ್ತಿದ್ದ." ಇಷ್ಟು ವರ್ಷದಲ್ಲಿ ಶೈಲಾ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಬ್ಬಕ್ಕೆ ತುಮಕೂರಿಗೆ ಬಂದರೆ ನಮ್ಮ ಮನೆಯ ಗಲಾಟೆಯಲ್ಲಿ ಅವಳ ದನಿ ಕೇಳಿಸುತ್ತಲೇ ಇರಲಿಲ್ಲ.

ಪಕ್ಕದಲ್ಲಿ ಒಂದು ದೊಡ್ಡ ಸಂಸಾರ ಬುತ್ತಿ ಬಿಚ್ಚಿ ಕುಳಿತಿತ್ತು. ಸ್ಪ್ಯಾನಿಷ್ ಮಾತಾಡುವವರು. ಅವರಲ್ಲಿ ನನ್ನ ವಯಸ್ಸಿನ ಅಜ್ಜಿಯೊಬ್ಬಳು ಮಾವಿನಹಣ್ಣಿನ ಹೋಳುಗಳ ಮೇಲೆ ಉಪ್ಪುಖಾರ ಉದುರಿಸುತ್ತಿದ್ದಳು. ನಾನು ನೋಡಿದ್ದನ್ನು ಅವಳು ನೋಡಿದಳು. ಕೂಡಲೇ ಒಂದು ತಟ್ಟೆ ನನ್ನ ಕೈಗೆ ಬಂತು. ನಾನು ಚೀಲದಿಂದ ಕೋಡುಬಳೆ ತೆಗೆದು ಕೊಟ್ಟೆ. ಅವಳಿಗೆ ಇಂಗ್ಲಿಷ್ ಬರದು, ನನ್ನದು ಅಷ್ಟಕ್ಕಷ್ಟೆ, ವ್ಯವಹಾರಕ್ಕೆ ತೊಂದರೆಯಾಗಲಿಲ್ಲ. ಅವಳು ಸತೀಶನ ಕರಿ ಕನ್ನಡಕ ತೋರಿಸಿ ಏನಾಯಿತು ಎಂದು ಸನ್ನೆ ಮಾಡಿದಳು. ನಾನು ನನ್ನ ಬಲಗಣ್ಣನ್ನು ಮುಚ್ಚಿ ತೋರಿಸಿದೆ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಅವನ ಕಡೆ ನೋಡಿ ಏನೋ ಬೇಡಿಕೊಂಡಳು.

ಅವನು ಕಟಕಟೆಗೆ ಒರಗಿ ನಿಂತಿದ್ದ. ತಟ್ಟೆ ಹಿಡಿದು ಹತ್ತಿರ ಹೋದೆ.

"ನೀರು ಜೋರಾಗಿದೆಯಾ ಅಕ್ಕ?"

"ಕಾಣಲ್ವಾ?"

"ಬೆಳ್ಳಗೆ ಏನೋ ಅಲ್ಲಾಡ್ತಿದೆ. ಅಷ್ಟೆ." ಕಟಕಟೆಯನ್ನು ಸವರುತ್ತ, "ಇನ್ನೂ ಸ್ವೆಲಿಂಗ್ ಇದೆ ಅಂತ ಡಾಕ್ಟರ್ ಹೇಳಿದಾರೆ. ಇಳಿದ್ಮೇಲೆ ಕ್ಲಿಯರ್ ಆಗುತ್ತೆ" ಎಂದ.

ಶೈಲಾ ಯಾವಾಗ ಬಂದು ಅವನ ಇನ್ನೊಂದು ಬದಿಗೆ ನಿಂತಳೋ ತಿಳಿಯಲಿಲ್ಲ. "ಎಡಕ್ಕ ಬಂಡಿಗಲ್ಲು ಕೊಡಲಿಲೆ ಸೀಳಿದಂಗ ಅದ ನೋಡ್ರಿ," ಎಂದು ಶುರುಮಾಡಿದಳು. "ಅದರೊಳಗ ನೀರು ಅಡ್ಡ ಬೀಳಾಕತ್ತದ. ಬಿದ್ದಲ್ಲೆ ಹೊಗಿ ಎದ್ದಂಗ. ಆ ಹೊಗಿಯೊಳಗ ಸಣ್ಣ ಕಾಮನಬಿಲ್ಲು, ಅರ್ಧಾನ ಅದ." ಅವನು ಕತ್ತು ಅವಳು ಹೇಳಿದ ಕಡೆಗೆಲ್ಲ ತಿರುಗಿಸಿ ಕೇಳಿಸಿಕೊಂಡ. ಮಾವಿನ ಹೋಳು ಬೇಕಾ ಎಂದರೆ ಬೇಡ ಎಂದ.

ಐಸೆಲಿನ್

ಕಣ್ಣಿನ ಡಾಕ್ಟರ ಕ್ಲಿನಿಕ್ಕು ಐಸೆಲಿನ್ನಿನ ಹತ್ತಿರ. ಅಲ್ಲಿಗೆ ಹೋಗಿ ಬರುವವರು ಓಕ್ ಟ್ರೀ ರೋಡಿನ ಅಂಗಡಿಗಳಿಗೆ ಹೋಗದೆ ವಾಪಸಾಗುವುದಿಲ್ಲ. ಆ ರಸ್ತೆಯಲ್ಲಿ ನಡೆದರೆ ಅಮೆರಿಕಕ್ಕೆ ಬಂದದ್ದೇ ಮರೆತುಹೋಗುತ್ತದೆ. ಸೀರೆ ಅಂಗಡಿ, ಚಿನ್ನದ ಅಂಗಡಿ, ಸಿಹಿತಿಂಡಿ, ಎಲ್ಲೆಲ್ಲೂ ಹಿಂದಿ ಹಾಡು. ಅಂಗಡಿಯ ಹುಡುಗಿ "ಆಂಟಿ, ಬ್ಯಾಗ್ ಬೇಕಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಮಾತ್ರ ನೆನಪಾಗುತ್ತದೆ.

ಕ್ಲಿನಿಕ್ಕಿನೊಳಗೆ ಶೈಲಾ ಜೊತೆಗೆ ಹೋಗಿದ್ದಳು, ನಾನು ಹೊರಗೆ ಕುಳಿತಿದ್ದೆ. ಹೊರಬಂದವರು ನೇರವಾಗಿ ಕಾರಿನ ಕಡೆ ನಡೆದರು. ದೋಸೆಯ ಹೋಟೆಲಿನಲ್ಲಿ ಕುಳಿತ ಮೇಲೆ ಸತೀಶ ಕಾಗದದ ಕರವಸ್ತ್ರವನ್ನು ಮಡಿಸುತ್ತ ಹೇಳಿದ: "ಪರದೆ ಕೂತಿದೆಯಂತೆ. ಆದ್ರೆ ನಡುಭಾಗಕ್ಕೆ ಡ್ಯಾಮೇಜ್ ಆಗಿದೆ. ಇರೋದೇ ಇಷ್ಟು ಅಕ್ಕ. ದಪ್ಪ ಅಕ್ಷರ ಓದಬಹುದು. ಡ್ರೈವಿಂಗ್ ಮರೆತುಬಿಡಿ ಅಂದ್ರು."

ಶೈಲಾ ಅವನ ದೋಸೆಯನ್ನು ಮುರಿದು ಅವನ ಕೈಗೆ ಸಿಗುವ ಕಡೆ ಸರಿಸಿದಳು. ಆಗಲೇ ಅವರ ಪರಿಚಯದವರೊಬ್ಬರು ಮೇಜಿನ ಬಳಿ ನಿಂತು, "ಏನ್ರೀ ಸತೀಶ್, ಅಕ್ಕನಿಗೆ ಎಲ್ಲಾ ತೋರಿಸ್ತಿದೀರಾ?" ಎಂದು ನಗುತ್ತ ಕೇಳಿದರು. ಸತೀಶ "ಹೂಂ, ಹೂಂ, ಎಲ್ಲಾ" ಎಂದ.

ಡೆಲವೇರ್ ಕಣಿವೆ

ಆಮೇಲೆ ಮನೆಯಲ್ಲಿ ಅವನ ದನಿ ಕೇಳಲಿಲ್ಲ. ಬೇರೆ ಊರಿನಲ್ಲಿ ಕೆಲಸದಲ್ಲಿರುವ ಮಗಳು ಫೋನು ಮಾಡಿ "ಡ್ಯಾಡ್, ಯೂ ಓಕೆ?" ಎಂದರೆ "ಓಕೆ" ಎಂದು ಶೈಲಾಳ ಕೈಗೆ ಕೊಡುತ್ತಿದ್ದ. ನಾನು ಹಳೆಯ ಕಥೆ ತೆಗೆದರೆ ಎದ್ದು ಕೋಣೆಗೆ ಹೋಗುತ್ತಿದ್ದ.

ಶನಿವಾರ ಬೆಳಿಗ್ಗೆ ಶೈಲಾ ಚಪಾತಿ, ಶೇಂಗಾ ಚಟ್ನಿ ಕಟ್ಟಿದಳು. ಪೆನ್ಸಿಲ್ವೇನಿಯಾದ ಗಡಿಯಲ್ಲಿ ಡೆಲವೇರ್ ನದಿ ಬೆಟ್ಟವನ್ನೇ ಕೊರೆದುಕೊಂಡು ಹರಿಯುವ ಕಣಿವೆಯಿದೆ. ಸತೀಶನ ಮೂಲ ಪ್ಲಾನಿನಲ್ಲಿ ಅದಿತ್ತು.

"ನೀವು ಹೋಗಿ ಬನ್ನಿ," ಎಂದ ಅವನು. "ನಾನು ಬಂದು ಏನು ನೋಡ್ಲಿ?"

ಶೈಲಾ ಒತ್ತಾಯ ಮಾಡಲಿಲ್ಲ. "ಹಂಗಾರ ಮನ್ಯಾಗಿರ್ರಿ. ಅನ್ನ ಸಾರು ಮಾಡಿಟ್ಟೀನಿ. ನಾನೂ ಅಕ್ಕಾರೂ ಹೋಗಿ ಬರ್ತೇವಿ, ಹೈವೇ ಮ್ಯಾಲೆ."

"ಹೈವೇ ಮೇಲಾ?"

"ಊರೊಳಗಿಂದ ಹೋದ್ರ ಸಂಜಿ ಆಗ್ತದ. ಕತ್ತಲಾಗ ಬೆಟ್ಟ ಹ್ಯಾಂಗ ನೋಡೂದು?"

ನಾವು ಕಾರಿನಲ್ಲಿ ಕುಳಿತು ಬೆಲ್ಟು ಹಾಕಿಕೊಳ್ಳುವಷ್ಟರಲ್ಲಿ ಅವನು ಬೂಟಿನ ಲೇಸು ಕಟ್ಟದೆಯೇ ಬಂದು ಹಿಂದಿನ ಬಾಗಿಲು ತೆಗೆದ. "ನೀವಿಬ್ರೇ ಹೋಗೋದು ಬೇಡ," ಎಂದ. ಶೈಲಾ ನಿಜವಾಗಿ ಹೆದ್ದಾರಿ ಹತ್ತುತ್ತಿದ್ದಳೋ, ಇವನನ್ನು ಎಬ್ಬಿಸಲು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಹೇಳಿಯಾದ ಮೇಲೆ ಅವಳಿಗೂ ಹಿಂದೆ ಸರಿಯುವ ದಾರಿ ಇರಲಿಲ್ಲ.

ಹೆದ್ದಾರಿಗೆ ಸೇರುವ ಇಳಿಜಾರಿನಲ್ಲಿ ಶೈಲಾ "ವಿಠ್ಠಲ, ವಿಠ್ಠಲ" ಎನ್ನತೊಡಗಿದಳು. ಎಡಗಡೆ ರೈಲಿನ ಡಬ್ಬಿಯಂಥ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ನಾನು ಕಾಲ ಕೆಳಗೆ ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿದ್ದೆ. ಹಿಂದಿನಿಂದ ಸತೀಶ ಮೆಲ್ಲಗೆ ಕೇಳಿದ, "ಪಕ್ಕದಲ್ಲಿ ಜಾಗ ಇದೆಯಾ?"

"ಒಂದು ಲಾರಿ ಅದ."

"ಅದು ಹೋಗ್ಲಿ. ಈಗ?"

"ಈಗ ಅದ."

"ಹಾಗಾದ್ರೆ ಹೋಗು. ಕಾಲು ಒತ್ತು, ಹೆದರ್ಬೇಡ."

ಅವಳು ಒತ್ತಿದಳು. ನಾವು ಸೇರಿಕೊಂಡೆವು. ಎಷ್ಟೋ ಮೈಲಿ ಹಿಂದೆ ಬಿದ್ದವು. ಆಮೇಲೆ ಶೈಲಾ, "ಇಷ್ಟ ಏನು?" ಎಂದಳು, ತನಗೆ ತಾನೇ.

ನದಿ ದಾಟಿ ಪೆನ್ಸಿಲ್ವೇನಿಯಾ ಸೇರುವಷ್ಟರಲ್ಲಿ ಪೆಟ್ರೋಲಿನ ಮುಳ್ಳು ತಳ ಸೇರಿತ್ತು. ಬಂಕಿಗೆ ಹೋಗಿ ನಿಲ್ಲಿಸಿದೆವು. ಸತೀಶ ಬಚ್ಚಲಿಗೆಂದು ಅಂಗಡಿಯೊಳಗೆ ಹೋದ. ನಾವು ಕಿಟಕಿ ಇಳಿಸಿಕೊಂಡು ಕುಳಿತೆವು. ಬೇರೆ ಕಾರುಗಳು ಬಂದವು, ಹೋದವು. ನಮ್ಮ ಬಳಿ ಯಾರೂ ಬರಲಿಲ್ಲ. "ಊಟದ ಹೊತ್ತಿರಬೇಕ್ರಿ," ಎಂದಳು ಶೈಲಾ. ನಮ್ಮ ಬಣ್ಣ ನೋಡಿ ಹೀಗೆ ಮಾಡುತ್ತಿದ್ದಾರೇನೋ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ಒಂದು ಸಲ ಹಾರ್ನೂ ಹೊಡೆಸಿದೆ.

ಹಾರ್ನಿಗೆ ಪಕ್ಕದ ಪಂಪಿನಿಂದ ಒಬ್ಬ ಆಜಾನುಬಾಹು ಬಂದ. ಗಡ್ಡ ಎದೆಯವರೆಗೆ, ಎರಡೂ ತೋಳಿನ ತುಂಬ ಹಚ್ಚೆ. ಕಿಟಕಿಯ ಬಳಿ ಬಗ್ಗಿ ಬಹಳ ಮೃದುವಾಗಿ, "ಯೂ ಲೇಡೀಸ್ ಫ್ರಮ್ ಜೆರ್ಸಿ?" ಎಂದು ಕೇಳಿದ.

ಹೌದು ಎಂದೆವು. ಆಗ ವಿಷಯ ತಿಳಿಯಿತು. ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ಬಂಕಿನವರೇ ಹಾಕಬೇಕು, ನಾವು ಪೈಪು ಮುಟ್ಟುವಂತಿಲ್ಲ, ಅದು ಅಲ್ಲಿಯ ಕಾನೂನು. ಗಡಿ ದಾಟಿದರೆ ಅವರವರೇ ಹಾಕಿಕೊಳ್ಳಬೇಕು. ಇಷ್ಟು ವರ್ಷ ಅಮೆರಿಕದಲ್ಲಿದ್ದೂ ಶೈಲಾ ಒಮ್ಮೆಯೂ ಪಂಪು ಹಿಡಿದಿರಲಿಲ್ಲ. ಹೊರರಾಜ್ಯಕ್ಕೆ ಹೋದಾಗಲೆಲ್ಲ ಸತೀಶ ಇಳಿಯುತ್ತಿದ್ದ, ಅವಳು ಒಳಗೆ ಕುಳಿತು ಬುತ್ತಿ ಬಿಚ್ಚುತ್ತಿದ್ದಳು. ವಾರಕ್ಕೆ ಒಬ್ಬರಾದರೂ ಜೆರ್ಸಿಯವರು ಹೀಗೆ ಕುಳಿತಿರುತ್ತಾರೆ ಎಂದ ಆ ಗಡ್ಡದವನು. ಕಾರ್ಡು ಎಲ್ಲಿ ತೂರಿಸಬೇಕು, ಪೈಪು ಹೇಗೆ ಹಿಡಿಯಬೇಕು ಎಂದು ಹೇಳಿಕೊಟ್ಟ, ತಾನು ಮಾತ್ರ ಮುಟ್ಟಲಿಲ್ಲ. ಶೈಲಾ ಸೆರಗಿಲ್ಲದ ಜೀನ್ಸಿನಲ್ಲೂ ಸೆರಗು ಸಿಕ್ಕಿಸುವವಳಂತೆ ಸೊಂಟಕ್ಕೆ ಕೈ ಒರೆಸಿಕೊಂಡು ಪೈಪು ಎತ್ತಿದಳು. ಮೊದಲ ಸಲ ಒತ್ತಿದಾಗ ನಾಲ್ಕು ಹನಿ ಬೂಟಿನ ಮೇಲೆ ಬಿತ್ತು. ಆಮೇಲೆ ಸರಿಹೋಯಿತು.

ಸತೀಶ ಕಾಫಿ ಹಿಡಿದು ಹೊರಬಂದಾಗ ಕಂಡದ್ದು ಈ ದೃಶ್ಯ. ಅವನಿಗೆ ಎಷ್ಟು ಕಂಡಿತೋ, ಹತ್ತಿರ ಬಂದು "ಯಾರದು?" ಎಂದ.

"ನಾನ ರೀ," ಎಂದಳು ಶೈಲಾ. "ಪೆಟ್ರೋಲ್ ಹಾಕಾಕತ್ತೀನಿ."

ಗಡ್ಡದವನ ಪಾಠ, ಅಷ್ಟು ಹೊತ್ತು ಕಾದ ನಮ್ಮ ಕಥೆ, ನಾನು ಹೊಡೆಸಿದ ಹಾರ್ನು ಎಲ್ಲ ಕೇಳಿ ಸತೀಶ ಕಾಫಿ ಚೆಲ್ಲುವಷ್ಟು ನಕ್ಕ. ಐಸೆಲಿನ್ನಿನ ನಂತರ ನಾನು ಕೇಳಿದ ಮೊದಲ ನಗು.

ಅಲ್ಲಿಂದ ಸ್ವಲ್ಪ ದೂರದಲ್ಲಿ ರಸ್ತೆಯ ಬದಿಗೆ ನಿಂತು ನೋಡುವ ಜಾಗವಿದೆ. ಎರಡು ದೊಡ್ಡ ಬೆಟ್ಟಗಳು ಎದುರೆದುರು ನಿಂತಿವೆ. ಒಂದೇ ಬೆಟ್ಟವಾಗಿದ್ದುದನ್ನು ನದಿ ಯುಗಯುಗ ಸವೆಸಿ ಇಬ್ಭಾಗ ಮಾಡಿದೆ. ಎಲೆಗಳು ಕೆಂಪು, ಹಳದಿ. ನಾನು ಪ್ಯಾಟರ್ಸನ್ನಿನಲ್ಲಿ ಶೈಲಾ ಮಾಡಿದಂತೆ ವರ್ಣಿಸಲು ಹೊರಟೆ.

"ತಡಿ ಅಕ್ಕ," ಎಂದ ಸತೀಶ. ಕನ್ನಡಕ ತೆಗೆದು ಕತ್ತನ್ನು ಸ್ವಲ್ಪ ಓರೆ ಮಾಡಿದ. "ಇದು ಕಾಣ್ತಿದೆ. ಈ ಕಡೆ ಕಪ್ಪಗೆ, ಆ ಕಡೆ ಕಪ್ಪಗೆ. ನಡುವೆ ಆಕಾಶ ಕೆಳಗಿನ ತನಕ ಬಂದಿದೆ." ಬೆರಳಿನಿಂದ ಗಾಳಿಯಲ್ಲಿ ಬೆಟ್ಟದ ಅಂಚನ್ನು ಎಳೆದು ತೋರಿಸಿದ. ಸರಿಯಾಗಿಯೇ ಇತ್ತು. "ಎಲೆ ಗಿಲೆ ಕಾಣಲ್ಲ. ಇಷ್ಟು ದೊಡ್ಡದಾಗಿದ್ರೆ ಕಾಣುತ್ತೆ."

ನಾವು ಚಪಾತಿ ತಿಂದು ಮುಗಿಸಿದರೂ ಅವನು ಅಲ್ಲೇ ನಿಂತಿದ್ದ.

ಎಲ್ಲಿಸ್ ದ್ವೀಪ

ನಾನು ಹೊರಡುವ ವಾರ ಸ್ವಾತಂತ್ರ್ಯದ ಪ್ರತಿಮೆ ನೋಡಲು ಹೋದೆವು. ನ್ಯೂಜೆರ್ಸಿಯ ದಡದಿಂದ ಆಕೆಯ ಬೆನ್ನು ಮಾತ್ರ ಕಾಣುತ್ತದೆ. ಮುಖ ನೋಡಲು ದೋಣಿ ಹತ್ತಿ ಸುತ್ತಬೇಕು. ದೋಣಿಗೆ ಮುಂಚೆ ವಿಮಾನ ನಿಲ್ದಾಣದಲ್ಲಿ ಇರುವಂಥದೇ ತಪಾಸಣೆ. ನನ್ನ ಸ್ಟೀಲ್ ಡಬ್ಬಿ ತೆಗೆಸಿ, ಕೋಡುಬಳೆಯೊಂದನ್ನು ಎತ್ತಿ ಹಿಡಿದು, ಇದು ತಿನ್ನುವುದೇ ಎಂದು ಕೇಳಿದರು. ನಾನು ಒಂದು ಕಡಿದು ತೋರಿಸಿದೆ. ಸದ್ದು ಕೇಳಿ ಬಿಟ್ಟುಕೊಟ್ಟರು.

ದೋಣಿ ಮೊದಲು ಎಲ್ಲಿಸ್ ದ್ವೀಪಕ್ಕೆ ಹೋಗುತ್ತದೆ. ಹಡಗಿನಲ್ಲಿ ಬಂದ ಲಕ್ಷಾಂತರ ಬಡವರನ್ನು ತಪಾಸಣೆ ಮಾಡಿ ಅಮೆರಿಕದೊಳಗೆ ಬಿಡುತ್ತಿದ್ದ ಜಾಗ. ಕಮಾನಿನ ಮೇಲೆ ಕಮಾನು ಕಟ್ಟಿದ ದೊಡ್ಡ ಹಜಾರ, ಉದ್ದನೆಯ ಬೆಂಚುಗಳು. ಸತೀಶನಿಗೆ ಗೋಡೆಯ ಬರಹಗಳನ್ನು ಓದಲಾಗುತ್ತಿರಲಿಲ್ಲ. ಒಂದು ಕೋಣೆಯಲ್ಲಿ ಶೈಲಾ ತಾನೇ ಫಲಕದ ಮುಂದೆ ನಿಂತು ಅವನಿಗಾಗಿ ಗಟ್ಟಿಯಾಗಿ ಓದತೊಡಗಿದಳು. ಇಂಗ್ಲಿಷೇ ಆದರೂ ರಾಗ ಧಾರವಾಡದ್ದು. ಯಾರೋ ಮುದುಕ ದಂಪತಿ ಬಂದು ಪಕ್ಕದಲ್ಲಿ ನಿಂತು ಕೇಳಿದರು. ಎರಡು ಮಕ್ಕಳನ್ನು ಕರೆದುಕೊಂಡು ಒಬ್ಬ ತಾಯಿ ನಿಂತಳು. ಇವಳು ಇಲ್ಲಿಯ ಗೈಡ್ ಎಂದುಕೊಂಡಿದ್ದರು. ಶೈಲಾ ತಿರುಗಿ ನೋಡಿ ಗಾಬರಿಯಾದಳು. ಮುದುಕರು "ಪ್ಲೀಸ್, ಗೋ ಆನ್" ಎಂದರು. ಅವಳು ಗಂಟಲು ಸರಿಮಾಡಿಕೊಂಡು ಮುಂದುವರಿಸಿದಳು.

ಅದು ಕಣ್ಣಿನ ತಪಾಸಣೆಯ ಕೋಣೆಯ ವಿವರ. ಬಂದವರ ರೆಪ್ಪೆಯನ್ನು ಡಾಕ್ಟರು ಕೊಕ್ಕೆಯಿಂದ ಮಗುಚಿ ನೋಡುತ್ತಿದ್ದರಂತೆ. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದ ಗುರುತು. ಅಂಟುರೋಗವಿದ್ದರೆ ಹಿಂದಕ್ಕೆ ಕಳಿಸುತ್ತಿದ್ದರು. ಗಂಡನನ್ನು ಕಳಿಸಿ ಹೆಂಡತಿಯನ್ನು ಬಿಟ್ಟದ್ದೂ ಉಂಟು. ಓದುತ್ತ ಓದುತ್ತ ಶೈಲಾಳ ದನಿ ಇಳಿಯಿತು. ಬೇಡವಾದದ್ದನ್ನು ಓದಿಬಿಟ್ಟೆನೇನೋ ಎಂದು ನನ್ನ ಮುಖ ನೋಡಿದಳು. ಕೇಳಲು ನಿಂತವರು ಥ್ಯಾಂಕ್ಸ್ ಹೇಳಿ ಮುಂದಕ್ಕೆ ಹೋದರು.

ಸತೀಶ ಬೆಂಚಿನ ಮೇಲೆ ಕುಳಿತ. "ಆ ಕಾಲದಲ್ಲಿ ಬಂದಿದ್ರೆ ನನ್ನ ಕೋಟಿನ ಮೇಲೂ ಗುರುತು ಹಾಕ್ತಿದ್ರು," ಎಂದ. "ಬಂದ ಹಡಗಲ್ಲೇ ವಾಪಸ್."

ಶೈಲಾ "ಹೂಂ" ಎಂದಳು.

"ಆಗ ನೀನೇನು ಮಾಡ್ತಿದ್ದೆ? ನನ್ನ ಜೊತೆ ವಾಪಸ್ ಬರ್ತಿದ್ದೆ, ಅಲ್ವಾ?"

ನಗುತ್ತಲೇ ಕೇಳಿದ. ಆದರೆ ಉತ್ತರಕ್ಕೆ ಕಾದ ರೀತಿಯಲ್ಲಿ ನಗು ಇರಲಿಲ್ಲ. ನಾನು ಬೇಕೆಂದೇ ಪಕ್ಕದ ಚಿತ್ರ ನೋಡುತ್ತ ನಿಂತೆ.

ಶೈಲಾ ಅವನ ಪಕ್ಕ ಕುಳಿತಳು. "ನಾ ಯಾಕ ಬರ್ಲಿ?" ಎಂದಳು. "ನನ್ನ ಕಣ್ಣು ಛಲೋ ಅವ. ನಾ ಒಳಗ ಹೋಗ್ತಿದ್ದೆ. ಒಂದು ನೌಕರಿ ಹಿಡೀತಿದ್ದೆ, ಒಂದು ಮನಿ ಮಾಡ್ತಿದ್ದೆ. ಆಮ್ಯಾಲೆ ನಿಮ್ಮನ್ನ ಕರಸ್ಕೋತಿದ್ದೆ."

ಸತೀಶ ಅವಳ ಕಡೆ ಕತ್ತು ತಿರುಗಿಸಿದ. "ಎಷ್ಟು ವರ್ಷಕ್ಕೆ?" ಎಂದು ಕೇಳಿದ.

"ಅದು ನಿಮ್ಮ ನಡವಳಿಕಿ ಮ್ಯಾಲೆ ಅದ," ಎಂದಳು ಶೈಲಾ.